ಠಾಣೆಯಲ್ಲಿ ನಿಮ್ಮ ಮಾತು ಯಾವ ಪುಸ್ತಕಕ್ಕೆ ಹೋಯಿತು?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ರೈತ. ವಿ.ಸಿ. ನಾಲೆಯ ಕೊನೆ ಭಾಗದಲ್ಲಿ ನಮ್ಮ ಜಮೀನಿದ್ದು, ನಾಲೆಯ ನೀರು ಸರಿಯಾಗಿ ತಲುಪದ ಕಾರಣ ಬೋರ್‌ವೆಲ್ ನಂಬಿಕೊಂಡು ಕಬ್ಬು ಬೆಳೆಯುತ್ತೇನೆ. ಕಳೆದ ತಿಂಗಳು ಮೋಟರ್ ಮನೆಯ ಬೀಗ ಒಡೆದು, ರೀವೈಂಡಿಂಗ್ ಮಾಡಿಸಿ ತಂದಿಟ್ಟಿದ್ದ 5 ಹೆಚ್.ಪಿ. ಮೋಟರನ್ನೂ ತಾಮ್ರದ ಕೇಬಲ್ಲನ್ನೂ ಕದ್ದೊಯ್ದರು. ಎರಡೂ ಸೇರಿ ಸುಮಾರು 45 ಸಾವಿರ ರೂಪಾಯಿ ಬಾಳುತ್ತವೆ. ಠಾಣೆಯಲ್ಲಿ ದೂರು ಬರೆದುಕೊಟ್ಟಾಗ ಒಂದು ಚೀಟಿ ಕೊಟ್ಟು ಕಳಿಸಿದರು. ಮಾರನೆಯ ದಿನ ಬೀಟ್ ಪೊಲೀಸರು ಜಮೀನಿಗೆ ಬಂದು ಚಿಕ್ಕ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು. ನಾಲ್ಕು ದಿನ ಬಿಟ್ಟು ಎ.ಎಸ್.ಐ. ಒಬ್ಬರು ನನ್ನ ಮತ್ತು ಪಕ್ಕದ ಜಮೀನಿನವರ ಹೇಳಿಕೆ ಬರೆದುಕೊಂಡು ಓದಿ ಹೇಳಿದರು. ನಾನು ಸಹಿ ಹಾಕಲು ಪೆನ್ನು ತೆಗೆದರೆ ಬೇಡ ಎಂದುಬಿಟ್ಟರು. ಸಹಿಯಿಲ್ಲದ ಹೇಳಿಕೆಗೆ ಬೆಲೆಯೇನು? ಇದು ಕೇಸು ಮುಚ್ಚಿಹಾಕುವ ಉಪಾಯವೇ? ನನಗೆ ಒಬ್ಬರ ಮೇಲೆ ಅನುಮಾನವಿದೆ, ಅವರ ಹೆಸರನ್ನು ಬಾಯಿಮಾತಿನಲ್ಲಿ ಹೇಳಿದ್ದೇನೆ. ನಾನೇ ಹೇಳಿದ್ದೆಂದು ಅವರಿಗೆ ತಿಳಿಯುತ್ತದೆಯೇ? ಪೊಲೀಸರು ಯಾವುದನ್ನು ಎಲ್ಲಿ ಬರೆಯುತ್ತಾರೆ, ಅದನ್ನು ಯಾರು ನೋಡಬಹುದು?

ಉತ್ತರ: ಮೊದಲು ಸಹಿಯ ವಿಚಾರವನ್ನೇ ತೆಗೆದುಕೊಳ್ಳೋಣ. ಆ ಎ.ಎಸ್.ಐ. ಮಾಡಿದ್ದು ಸರಿ, ಸಹಿ ಹಾಕಿಸಿಕೊಂಡಿದ್ದರೆ ಅದೇ ತಪ್ಪಾಗುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 180ನೇ ಕಲಂ ತನಿಖಾಧಿಕಾರಿಗೆ ಸಾಕ್ಷಿಗಳನ್ನು ವಿಚಾರಿಸಿ ಹೇಳಿಕೆ ಬರೆದುಕೊಳ್ಳುವ ಅಧಿಕಾರವನ್ನು ಕೊಡುತ್ತದೆ. ಅದರ ಬೆನ್ನಿಗೇ ಬರುವ 181ನೇ ಕಲಂ, ಹಾಗೆ ಬರೆದುಕೊಂಡ ಹೇಳಿಕೆಗೆ ಹೇಳಿದವರ ಸಹಿ ಪಡೆಯಕೂಡದು ಎಂದು ವಿಧಿಸುತ್ತದೆ. 1973ರ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇವೇ 161 ಮತ್ತು 162ನೇ ಕಲಂಗಳಾಗಿದ್ದವು. ಕಾನೂನು ಬದಲಾದರೂ ಠಾಣೆಯ ಬಾಯಲ್ಲಿ ಅದು ಇನ್ನೂ '161 ಹೇಳಿಕೆ'ಯೇ.

ಈ ನಿರ್ಬಂಧ ಏಕೆ ಎಂದು ತಿಳಿದರೆ ನಿಮ್ಮ ಅನುಮಾನ ಅರ್ಧ ಕಡಿಮೆಯಾಗುತ್ತದೆ. ಸಹಿ ಹಾಕಿದವನು ಮುಂದೆ ನ್ಯಾಯಾಲಯದಲ್ಲಿ ನಿಂತಾಗ, ಪೊಲೀಸರು ಬರೆದದ್ದಕ್ಕೆ ತಾನು ಕಟ್ಟುಬಿದ್ದಿದ್ದೇನೆ ಎಂದು ಭಾವಿಸುತ್ತಾನೆ. ಬರೆಯುವಾಗ ಒಂದು ಮಾತು ಹೆಚ್ಚುಕಡಿಮೆ ಆಗಿದ್ದರೂ ಅದನ್ನೇ ಒಪ್ಪಿಸುತ್ತಾನೆ. ಸಾಕ್ಷಿ ನ್ಯಾಯಾಧೀಶರ ಎದುರು ಕಂಡದ್ದನ್ನು ಕಂಡಂತೆ ಹೇಳಲಿ, ಠಾಣೆಯ ಕಾಗದ ಅವನ ನಾಲಿಗೆಯನ್ನು ಹಿಡಿಯದಿರಲಿ ಎಂಬುದು ಕಾನೂನಿನ ಉದ್ದೇಶ. ಆದ್ದರಿಂದಲೇ ಆ ಹೇಳಿಕೆ ತಾನಾಗಿ ಸಾಕ್ಷ್ಯವಲ್ಲ. ಸಾಕ್ಷಿಯು ಕೋರ್ಟಿನಲ್ಲಿ ಬೇರೆ ಮಾತಾಡಿದರೆ, 'ಅಂದು ಹೀಗೆ ಹೇಳಿದ್ದಿರಲ್ಲ' ಎಂದು ಆರೋಪಿಯ ಪರ ವಕೀಲರು ಅದನ್ನು ಎತ್ತಿ ಹಿಡಿಯಬಹುದು; ನ್ಯಾಯಾಲಯದ ಅನುಮತಿ ಪಡೆದರೆ ಸರ್ಕಾರದ ಪರ ವಕೀಲರೂ ಹಾಗೆ ಮಾಡಬಹುದು. ಅದರ ಬಳಕೆ ಹೆಚ್ಚುಕಡಿಮೆ ಅಷ್ಟಕ್ಕೇ ಸೀಮಿತ.

ಇನ್ನೊಂದು ಮಾತನ್ನು ಅನುಭವದಿಂದ ಹೇಳುತ್ತೇನೆ. ಮಂಡ್ಯ ಮತ್ತು ಮೈಸೂರು ಜಿಲ್ಲೆಗಳ ಠಾಣೆಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು ನಾನು. ಪ್ರಕರಣ ದಾಖಲಿಸದೆ ಬರಿಯ ಅರ್ಜಿಯ ವಿಚಾರಣೆ ನಡೆಸುವಾಗ ನಮ್ಮ ಠಾಣೆಗಳಲ್ಲಿ ಸಾಮಾನ್ಯವಾಗಿ ಹೇಳಿಕೆಗೆ ಸಹಿ ಪಡೆಯುತ್ತಾರೆ. ನಿಮ್ಮಿಂದ ಸಹಿ ಬೇಡವೆಂದದ್ದು ಪ್ರಕರಣ ದಾಖಲಾಗಿ ತನಿಖೆ ನಡೆಯುತ್ತಿದೆ ಎಂಬುದಕ್ಕೆ ಕುರುಹು ಇರಬಹುದು. ಇರಬಹುದು ಎಂದೆ, ಇದೆ ಎನ್ನಲಿಲ್ಲ. ಏಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಕಳವಳ ಹುಟ್ಟಿಸಿದ ಸಂಗತಿ ಆ ಹೇಳಿಕೆಗಿಂತ ಹೆಚ್ಚಾಗಿ ಮೊದಲ ದಿನ ನಿಮಗೆ ಕೊಟ್ಟ ಚೀಟಿ. ಅದನ್ನು ಹುಡುಕಿ ತೆಗೆದು ಓದಿ. ಅದರಲ್ಲಿ 'ಸ್ವೀಕೃತಿ' ಎಂದಿದೆಯೋ, 'ಹಿಂಬರಹ' ಎಂದಿದೆಯೋ, ಅಥವಾ 'ಪ್ರಥಮ ವರ್ತಮಾನ ವರದಿ' ಎಂದಿದ್ದು ಮೇಲ್ಭಾಗದಲ್ಲಿ ಮೊಕದ್ದಮೆ ಸಂಖ್ಯೆ, ಅಂದರೆ 'ಮೊ.ನಂ.' ಎಂಬುದರ ಮುಂದೆ ಅಂಕಿ ಮತ್ತು ಇಸವಿ ಇದೆಯೋ ನೋಡಿ. ಈ ಮೂರು ಕಾಗದಗಳ ನಡುವಿನ ಅಂತರ ಬಹಳ ದೊಡ್ಡದು. ಸ್ವೀಕೃತಿ ಎಂದರೆ ನೀವು ಅರ್ಜಿ ಕೊಟ್ಟಿರಿ, ಅವರು ತೆಗೆದುಕೊಂಡರು ಎಂಬಷ್ಟೇ. ಹಿಂಬರಹ ಎಂದರೆ ನಿಮ್ಮ ಅರ್ಜಿಯನ್ನು ಏನು ಮಾಡಿದೆವು ಎಂದು ಠಾಣೆ ಬರೆದುಕೊಟ್ಟ ಉತ್ತರ. ಬಹುಪಾಲು ಅದು 'ಇದು ಸಿವಿಲ್ ಸ್ವರೂಪದ್ದು, ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ' ಎಂಬ ಧಾಟಿಯಲ್ಲಿ ಇರುತ್ತದೆ. ಪ್ರಥಮ ವರ್ತಮಾನ ವರದಿ, ಅಂದರೆ ಎಫ್.ಐ.ಆರ್. ಮಾತ್ರವೇ ತನಿಖೆಗೆ ಬಾಗಿಲು ತೆರೆಯುವ ಕಾಗದ.

ಈಗ ನಿಮ್ಮ ಮಾತು ಠಾಣೆಯೊಳಗೆ ಯಾವ ದಾರಿ ಹಿಡಿಯಿತೆಂದು ನೋಡೋಣ. ನೀವು ಒಳಗೆ ಹೋದಾಗ ನಿಮ್ಮ ಕಾಗದವನ್ನು ಇಸಿದುಕೊಂಡವರು ಠಾಣೆಯ ರೈಟರ್ ಅಥವಾ ಠಾಣಾ ಪ್ರಭಾರದಲ್ಲಿದ್ದ ಹೆಡ್ ಕಾನ್ಸ್‌ಟೇಬಲ್ ಇರಬೇಕು. ಅವರ ಬಳಿ ಠಾಣಾ ದಿನಚರಿ ಇರುತ್ತದೆ. ಇಲಾಖೆಯಲ್ಲಿ ಅದನ್ನು ಎಸ್.ಹೆಚ್.ಡಿ. ಎನ್ನುತ್ತಾರೆ. ಬ್ರಿಟಿಷರ ಕಾಲದ 1861ರ ಪೊಲೀಸ್ ಕಾಯಿದೆಯೇ ಪ್ರತಿ ಠಾಣೆಯಲ್ಲೂ ದಿನಚರಿ ಇಡಬೇಕೆಂದು ವಿಧಿಸಿತ್ತು. ಯಾರು ಎಷ್ಟು ಗಂಟೆಗೆ ಕರ್ತವ್ಯಕ್ಕೆ ಹಾಜರಾದರು, ಯಾರು ಬೀಟಿಗೆ ಹೊರಟರು, ಯಾವ ದೂರು ಬಂತು, ಯಾರನ್ನು ಕರೆತಂದರು, ಎಲ್ಲವೂ ಸಮಯ ಮತ್ತು ಕ್ರಮಸಂಖ್ಯೆಯೊಂದಿಗೆ ಅದರಲ್ಲಿ ಬರಬೇಕು. ಇಂದು ಇದನ್ನು ಕಂಪ್ಯೂಟರಿನಲ್ಲಿ ದಾಖಲಿಸುತ್ತಾರೆ, ಆದರೆ ತತ್ತ್ವ ಅದೇ: ನಡುವೆ ಜಾಗ ಬಿಡುವಂತಿಲ್ಲ, ಆಮೇಲೆ ತುರುಕುವಂತಿಲ್ಲ. ಲಲಿತಾ ಕುಮಾರಿ ಪ್ರಕರಣದಲ್ಲಿ 2013ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೊಟ್ಟ ತೀರ್ಪು ಎಲ್ಲರ ಗಮನ ಸೆಳೆದದ್ದು, ಸಂಜ್ಞೇಯ ಅಪರಾಧದ (ನ್ಯಾಯಾಲಯದ ಆದೇಶವಿಲ್ಲದೆಯೇ ಪೊಲೀಸರು ತನಿಖೆ ನಡೆಸಬಹುದಾದ ಅಪರಾಧದ) ಮಾಹಿತಿ ಬಂದರೆ ಎಫ್.ಐ.ಆರ್. ದಾಖಲಿಸುವುದು ಕಡ್ಡಾಯ ಎಂದದ್ದಕ್ಕೆ. ಅದೇ ತೀರ್ಪು, ಎಫ್.ಐ.ಆರ್. ಆಗಲಿ ಬಿಡಲಿ, ಬಂದ ಮಾಹಿತಿಯನ್ನು ಠಾಣಾ ದಿನಚರಿಯಲ್ಲಿ ತಪ್ಪದೆ ಬರೆಯಲೇಬೇಕು ಎಂದೂ ಹೇಳಿದೆ. ನಾನು ಕಂಡಂತೆ ನಾಗರಿಕರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಎರಡನೆಯ ಮಾತು, ಆದರೆ ಅದನ್ನು ನೆನಪಿಡುವವರು ಕಡಿಮೆ. 'ನನ್ನ ದೂರಿನ ದಿನಚರಿ ನಮೂದಿನ ಸಂಖ್ಯೆ ಎಷ್ಟು, ಸಮಯ ಎಷ್ಟು?' ಎಂದು ವಿನಯದಿಂದ ಕೇಳಿದವರನ್ನು ಯಾವ ಠಾಣೆಯೂ ಹಗುರವಾಗಿ ಕಾಣುವುದಿಲ್ಲ.

ಸಮಯಕ್ಕೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ಸಬ್ ಇನ್‌ಸ್ಪೆಕ್ಟರ್ ಆಗಿ ನಾಲ್ಕನೆಯ ವರ್ಷ, ಸರಗಳ್ಳತನದ ಒಂದು ಪ್ರಕರಣದಲ್ಲಿ ಎಫ್.ಐ.ಆರ್. ದಾಖಲಾದ ಸಮಯವನ್ನು ಸಂಜೆ 6-30 ಎಂದು ಬರೆದಿದ್ದೆ. ದಿನಚರಿಯಲ್ಲಿ ಪಿರ್ಯಾದಿ ಮಹಿಳೆ ಠಾಣೆಗೆ ಬಂದ ಸಮಯ 7-10 ಎಂದಿತ್ತು. ಅವರು ಬರುವುದಕ್ಕೆ ನಲವತ್ತು ನಿಮಿಷ ಮುಂಚೆಯೇ ಅವರ ದೂರು ದಾಖಲಾದಂತಾಯಿತು. ನಡೆದದ್ದು ಇಷ್ಟೇ: ಬಂದೋಬಸ್ತಿನಿಂದ ಆಗ ತಾನೇ ಮರಳಿದ್ದ ನಾನು ಗೋಡೆಯ ಗಡಿಯಾರ ನಿಂತದ್ದನ್ನು ಗಮನಿಸದೆ ಅದನ್ನೇ ನೋಡಿ ಬರೆದಿದ್ದೆ. ಎರಡು ವರ್ಷದ ನಂತರ ಪಾಟೀಸವಾಲಿನಲ್ಲಿ ಈ ಒಂದು ಅಂಶವನ್ನು ಹಿಡಿದು ವಕೀಲರು ಮುಕ್ಕಾಲು ಗಂಟೆ ನನ್ನನ್ನು ನಿಲ್ಲಿಸಿದರು. ಕಳ್ಳ ಬಿಡುಗಡೆಯಾದ. ಸರ ಅವನ ಮನೆಯಲ್ಲೇ ಸಿಕ್ಕಿತ್ತು ಎಂಬುದನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಎಫ್.ಐ.ಆರ್. ನಮೂನೆಯನ್ನು ಒಮ್ಮೆ ಎದುರಿಗಿಟ್ಟುಕೊಂಡು ನೋಡಿದರೆ, ಅದನ್ನು ರೂಪಿಸಿದವರು ಇಂಥ ಎಡವಟ್ಟುಗಳನ್ನು ಎಷ್ಟು ಚೆನ್ನಾಗಿ ಊಹಿಸಿದ್ದರು ಎಂಬುದು ಗೊತ್ತಾಗುತ್ತದೆ. ಕೃತ್ಯ ನಡೆದ ದಿನ ಮತ್ತು ಸಮಯಕ್ಕೆ ಒಂದು ಅಂಕಣ, ಠಾಣೆಗೆ ಮಾಹಿತಿ ಬಂದ ಸಮಯಕ್ಕೆ ಇನ್ನೊಂದು, ದಿನಚರಿ ನಮೂದಿನ ಸಂಖ್ಯೆಗೆ ಮತ್ತೊಂದು. ಸ್ಥಳವು ಠಾಣೆಯಿಂದ ಯಾವ ದಿಕ್ಕಿಗೆ, ಎಷ್ಟು ದೂರ, ಯಾವ ಬೀಟ್ ಎಂದು ಬರೆಯಬೇಕು. ದೂರು ಕೊಡಲು ತಡವಾಗಿದ್ದರೆ ಏಕೆ ಎಂಬುದಕ್ಕೂ ಅಂಕಣವಿದೆ. 'ಊರಲ್ಲಿ ಹುಡುಕಾಡಿ ಸಿಗದ ಕಾರಣ ತಡವಾಗಿ ಬಂದು ದೂರು ನೀಡಿರುತ್ತಾರೆ' ಎಂಬ ಒಂದು ಸಾಲು ಅಲ್ಲಿ ಇಲ್ಲದಿದ್ದರೆ ಅದು ಮುಂದೆ ದೊಡ್ಡ ರಂಧ್ರವಾಗುತ್ತದೆ. ಕಳವಾದ ವಸ್ತುಗಳ ವಿವರ, ಮೌಲ್ಯ, ಪಿರ್ಯಾದಿಯ ಸಹಿ ಅಥವಾ ಹೆಬ್ಬೆಟ್ಟಿನ ಗುರುತು, ಎಲ್ಲದರ ಕೊನೆಗೆ ನ್ಯಾಯಾಲಯಕ್ಕೆ ರವಾನಿಸಿದ ದಿನ ಮತ್ತು ಸಮಯ. ಪ್ರತಿಯೊಂದು ಎಫ್.ಐ.ಆರ್. ಕೂಡ ವಿಳಂಬವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ಅಲ್ಲಿ ಬಿದ್ದ ಮೊಹರು ಮತ್ತು ಸಮಯವೇ, ಕಾಗದವನ್ನು ಆಮೇಲೆ ಕುಳಿತು ಹೆಣೆದದ್ದಲ್ಲ ಎಂಬುದಕ್ಕೆ ಸಾಕ್ಷಿ.

ಇಲ್ಲಿ ಗಮನಿಸಿ, ಎಫ್.ಐ.ಆರ್.ಗೆ ನಿಮ್ಮ ಸಹಿ ಬೇಕೇಬೇಕು. ಬಾಯಿಮಾತಿನಲ್ಲಿ ದೂರು ಹೇಳಿದರೆ ಅಧಿಕಾರಿ ಬರೆದುಕೊಂಡು, ಓದಿ ಹೇಳಿ, ಸಹಿ ಪಡೆಯಬೇಕು. ಓದಿ ಹೇಳುವಾಗ ಕಿವಿ ಕೊಟ್ಟು ಕೇಳುವುದು ನಿಮ್ಮ ಕೆಲಸ. ನಮ್ಮ ಪೊಲೀಸ್ ಕನ್ನಡಕ್ಕೆ ತನ್ನದೇ ಒಂದು ಅಚ್ಚು ಇದೆ: 'ಪಿರ್ಯಾದುದಾರರು ಠಾಣೆಗೆ ಹಾಜರಾಗಿ ನೀಡಿದ ದೂರಿನ ಸಾರಾಂಶವೇನೆಂದರೆ' ಎಂದು ಶುರುವಾಗಿ 'ಪ್ರಕರಣ ದಾಖಲಿಸಿರುತ್ತೆ' ಎಂದು ಮುಗಿಯುವುದು. ಆ ಅಚ್ಚಿನೊಳಗೆ ಬೀಳುವಾಗ ರೈತನ ಮಾತು ಬದಲಾಗುವುದುಂಟು. ನೀವು 'ಹೊತ್ತು ಮುಳುಗೋ ಹೊತ್ತಿಗೆ ನೋಡಿದ್ದೆ, ಆಗ ಬೀಗ ಇತ್ತು' ಎಂದಿರುತ್ತೀರಿ; ಕಾಗದದಲ್ಲಿ 'ಸಾಯಂಕಾಲ 5-00 ಗಂಟೆ ಸಮಯದಲ್ಲಿ' ಎಂದು ಕೂತಿರುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಹೊತ್ತು ಮುಳುಗುವುದು ಆರೂವರೆ ದಾಟಿದ ಮೇಲೆ. ಸಿ.ಸಿ. ಟಿ.ವಿ.ಯಲ್ಲಿ ಆರು ಗಂಟೆಗೆ ಒಂದು ಗೂಡ್ಸ್ ಆಟೋ ಹೋದದ್ದು ಕಂಡರೆ, ಆ ಒಂದೂವರೆ ಗಂಟೆಯ ವ್ಯತ್ಯಾಸವು ನಿರಪರಾಧಿಯೊಬ್ಬನನ್ನು ಅನುಮಾನಕ್ಕೆ ತಳ್ಳಬಹುದು.

ಎಫ್.ಐ.ಆರ್. ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಅದೇ ಕಲಂನಡಿ, ಕೃತ್ಯ ಯಾವ ಠಾಣಾ ಸರಹದ್ದಿನಲ್ಲಿ ನಡೆದಿದ್ದರೂ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಮೈಸೂರಿಗೆ ಮಗಳ ಮನೆಗೆ ಹೋಗಿದ್ದಾಗ ಸುದ್ದಿ ತಿಳಿದರೆ ಅಲ್ಲಿಯ ಠಾಣೆಯಲ್ಲೇ ಕೊಟ್ಟು ಬರಬಹುದು, ಅವರು ಅದನ್ನು ಮದ್ದೂರಿಗೆ ಕಳಿಸಬೇಕು. ಇ-ಮೇಲ್ ಮುಂತಾದ ವಿದ್ಯುನ್ಮಾನ ಮಾರ್ಗದಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. 3 ವರ್ಷದಿಂದ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಡಿ.ವೈ.ಎಸ್‌.ಪಿ. ಅನುಮತಿ ಪಡೆದು, ದೂರಿನಲ್ಲಿ ಹುರುಳಿದೆಯೇ ಎಂದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಹೊಸ ಕಾನೂನು ಅವಕಾಶ ಕೊಟ್ಟಿದೆ. ನಿಮಗೆ ಬರಿಯ ಸ್ವೀಕೃತಿ ಸಿಕ್ಕಿದ್ದರೆ ಈ ಕಾರಣವೂ ಇದ್ದಿರಬಹುದು. ಆದರೆ ಒಂದು ತಿಂಗಳಾಗಿರುವುದರಿಂದ ಆ ಗಡುವು ಮುಗಿದಿದೆ. 5 ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಕಳವು ಅಸಂಜ್ಞೇಯ ವರ್ಗಕ್ಕೆ ಸೇರುವ ಸಂದರ್ಭವೊಂದು, ಹಳೆಯ ಐ.ಪಿ.ಸಿ.ಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿದೆ. ಅಂಥದ್ದರ ತನಿಖೆಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ನಿಮ್ಮದು ಆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಮೊ.ನಂ. ಇಲ್ಲವೆಂದು ಕಂಡುಬಂದರೆ ಮಂಡ್ಯದಲ್ಲಿರುವ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರಿಗೆ ಸ್ಪೀಡ್ ಪೋಸ್ಟಿನಲ್ಲಿ ದೂರಿನ ಸಾರಾಂಶ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕುವ ದಾರಿ ಇದೆ.

ಬೀಟ್ ಪೊಲೀಸರ ಚಿಕ್ಕ ಪುಸ್ತಕದ ಬಗ್ಗೆ ಕೇಳಿದ್ದೀರಿ. ಅದನ್ನು ಕಡೆಗಣಿಸಬೇಡಿ. ತಾಜಾ ಮಾಹಿತಿ ಮೊದಲು ಬೀಳುವುದು ಅದರಲ್ಲೇ. ಜಮೀನಿಗೆ ಬಂದವರು ಬಾಗಿಲಿನ ಚಿಲಕ ಯಾವ ಕಡೆಯಿಂದ ಮುರಿದಿದೆ, ಕೇಬಲ್ಲನ್ನು ಕತ್ತರಿಸಿದ್ದಾರೋ ಬಿಚ್ಚಿದ್ದಾರೋ, ಚಕ್ರದ ಗುರುತು ನಾಲೆ ಏರಿಯ ಕಡೆಗಿದೆಯೋ ಆಲೆಮನೆಯ ರಸ್ತೆಗಿದೆಯೋ ಎಂದು ಎರಡೆರಡು ಪದಗಳಲ್ಲಿ ಬರೆದುಕೊಂಡಿರುತ್ತಾರೆ. ತರಬೇತಿಯಲ್ಲಿ ನಾವು ಹುಡುಗರಿಗೆ ಹೇಳುತ್ತಿದ್ದುದು ಇಷ್ಟು: ನೋಡಿದ ಜಾಗದಲ್ಲೇ ನಿಂತು ಬರೆಯಿರಿ, ಹಾಳೆ ಹರಿಯಬೇಡಿ, ತಪ್ಪಾದರೆ ಮಸಿ ಬಳಿಯದೆ ಒಂದು ಗೆರೆ ಎಳೆದು ಪಕ್ಕದಲ್ಲಿ ಚಿಕ್ಕ ಸಹಿ ಮಾಡಿ, ನೋಡಿದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಬರೆಯಿರಿ. ಕೊನೆಯದು ಎಲ್ಲಕ್ಕಿಂತ ಕಷ್ಟ. 'ಇಬ್ಬರು ಬಂದಿದ್ದಾರೆ' ಎಂದು ಬರೆದು ತಂದ ಒಬ್ಬ ಹುಡುಗನನ್ನು, ಹೇಗೆ ಗೊತ್ತಾಯಿತಪ್ಪಾ ಎಂದು ಕೇಳಿದರೆ, 'ಮೋಟರ್ ಭಾರ ಇರ್ತದಲ್ಲ ಸಾರ್, ಒಬ್ಬನ ಕೈಲಿ ಆಗಲ್ಲ' ಎಂದ. ಅವನ ಊಹೆ ಬುದ್ಧಿವಂತನದೇ. ಆದರೂ ಪುಸ್ತಕದಲ್ಲಿ ಅದು ಕಂಡ ಸಂಗತಿಯ ವೇಷ ಹಾಕಿಕೊಂಡಿತ್ತು. ಹಾಗೇ ಬಿಟ್ಟಿದ್ದರೆ ಮುಂದಿನ ಅಧಿಕಾರಿ ಇಬ್ಬರನ್ನೇ ಹುಡುಕುತ್ತಾ ಕೂರುತ್ತಿದ್ದರು.

ಜಮೀನಿನಲ್ಲಿ ಪಂಚರ, ಅಂದರೆ ಸಾಕ್ಷಿಗಳಾಗಿ ಕರೆದವರ ಸಮ್ಮುಖದಲ್ಲಿ ಸ್ಥಳ ಮಹಜರು ನಡೆದಿದ್ದರೆ ಅದಕ್ಕೆ ಪಂಚರ ಸಹಿ ಇರಬೇಕು. ಅದು 181ನೇ ಕಲಂನ ನಿರ್ಬಂಧಕ್ಕೆ ಒಳಪಡುವ ಹೇಳಿಕೆಯಲ್ಲ, ಕಣ್ಣೆದುರಿನ ಸ್ಥಿತಿಯ ದಾಖಲೆ. ಮುಂದೆ ಮೋಟರ್ ಸಿಕ್ಕಿ ಜಪ್ತಿಯಾದರೆ ಆ ಶೋಧನೆ ಮತ್ತು ಜಪ್ತಿಯನ್ನು ಆಡಿಯೋ-ವಿಡಿಯೋ ಚಿತ್ರೀಕರಣ ಮಾಡಬೇಕೆಂದು 105ನೇ ಕಲಂ ಹೇಳುತ್ತದೆ, ಮೊಬೈಲಿನಲ್ಲಿ ಚಿತ್ರೀಕರಿಸಿದರೂ ಆದೀತು. ಇದು ಹೊಸ ಕಾನೂನು ತಂದ ಒಳ್ಳೆಯ ಬದಲಾವಣೆ. ಮೊದಲೆಲ್ಲ ಪಂಚರು ಠಾಣೆಯ ಮುಂದಿನ ಟೀ ಅಂಗಡಿಯವರೇ ಆಗಿರುತ್ತಿದ್ದರು ಎಂಬ ದೂರು ಸುಳ್ಳಲ್ಲ.

ಹೇಳಿಕೆಗಳ ವಿಚಾರಕ್ಕೆ ಒಂದು ಮಾತು ಸೇರಿಸಬೇಕು. ಪ್ರತಿ ಸಾಕ್ಷಿಯ ಹೇಳಿಕೆಯೂ ಪ್ರತ್ಯೇಕವಾಗಿ, ಹೇಳಿದಂತೆ ಇರಬೇಕೆಂಬುದು ನಿಯಮ. ಕೈಬರಹದ ಕಾಲದಲ್ಲಿ ಐದು ಜನರ ಹೇಳಿಕೆ ಬರೆಯುವಷ್ಟರಲ್ಲಿ ಬೆರಳು ನೋಯುತ್ತಿತ್ತು, ಹಾಗಾಗಿ ಹೇಳಿಕೆ ಚಿಕ್ಕದಾಗಿಯೂ ಅವರವರದಾಗಿಯೂ ಇರುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಒಬ್ಬರ ಹೇಳಿಕೆಯನ್ನು ನಕಲಿಸಿ ಹೆಸರು, ವಯಸ್ಸು ಬದಲಿಸುವ ಚಾಳಿ ಶುರುವಾಯಿತು. ಐವರು ಸಾಕ್ಷಿಗಳ ಹೇಳಿಕೆಯಲ್ಲೂ 'ಮೋಟರ್' ಎಂಬುದು ಒಂದೇ ಜಾಗದಲ್ಲಿ 'ಮೊಟಾರ್' ಆಗಿದ್ದರೆ, ನ್ಯಾಯಾಧೀಶರಿಗೆ ಬೇರೇನೂ ಹೇಳಬೇಕಾಗಿಲ್ಲ. ನಿಮ್ಮ ಎ.ಎಸ್.ಐ. ಓದಿ ಹೇಳಿದರು ಎಂದಿರಿ, ಅದು ಒಳ್ಳೆಯ ಲಕ್ಷಣ. ಅಂದಹಾಗೆ 60 ವರ್ಷ ದಾಟಿದವರನ್ನು, ಮಹಿಳೆಯರನ್ನು, 15 ವರ್ಷದೊಳಗಿನ ಮಕ್ಕಳನ್ನು ಸಾಕ್ಷಿ ಹೇಳಿಕೆಗಾಗಿ ಠಾಣೆಗೆ ಬರಹೇಳುವಂತಿಲ್ಲ, ಅವರು ವಾಸಿಸುವ ಜಾಗಕ್ಕೇ ಹೋಗಬೇಕು. ನಿಮ್ಮ ಪಕ್ಕದ ಜಮೀನಿನ ಹಿರಿಯರಿಗೂ ಇದು ತಿಳಿದಿರಲಿ.

ಇವೆಲ್ಲವೂ ಕೊನೆಗೆ ಸೇರುವುದು ಕೇಸ್ ಡೈರಿಗೆ. 192ನೇ ಕಲಂ ಪ್ರಕಾರ ತನಿಖಾಧಿಕಾರಿ ಪ್ರತಿದಿನ, ಮಾಹಿತಿ ತನಗೆ ಎಷ್ಟು ಗಂಟೆಗೆ ತಲುಪಿತು, ತನಿಖೆಯನ್ನು ಯಾವಾಗ ಆರಂಭಿಸಿ ಯಾವಾಗ ಮುಗಿಸಿದೆ, ಎಲ್ಲೆಲ್ಲಿಗೆ ಹೋದೆ, ಏನು ತಿಳಿಯಿತು ಎಂಬುದನ್ನು ಪುಟಸಂಖ್ಯೆ ಹಾಕಿದ ಸಂಪುಟದಲ್ಲಿ ಬರೆಯಬೇಕು. ಸರ್ಕಲ್ ಇನ್‌ಸ್ಪೆಕ್ಟರ್, ಡಿ.ವೈ.ಎಸ್‌.ಪಿ. ಅದನ್ನು ಓದಿ 'ಗುಜರಿ ಅಂಗಡಿಗಳನ್ನು ಏಕೆ ಪರಿಶೀಲಿಸಿಲ್ಲ?' ಎಂದು ಕೇಳುತ್ತಾರೆ. ನ್ಯಾಯಾಲಯ ಅದನ್ನು ತರಿಸಿಕೊಂಡು ನೋಡಬಹುದು, ಆದರೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ಆರೋಪಿಗೆ ಅದನ್ನು ನೋಡುವ ಹಕ್ಕಿಲ್ಲ. ಅಧಿಕಾರಿ ಕಟಕಟೆಯಲ್ಲಿ ನೆನಪಿಗಾಗಿ ಅದನ್ನು ತೆರೆದು ನೋಡಿದರೆ ಅಥವಾ ನ್ಯಾಯಾಲಯವು ಅಧಿಕಾರಿಯ ಮಾತನ್ನು ಖಂಡಿಸಲು ಬಳಸಿದರೆ ಮಾತ್ರ ಆ ಭಾಗ ಹೊರಬರುತ್ತದೆ.

ನಿಮ್ಮ ಅನುಮಾನದ ಪ್ರಶ್ನೆಗೆ ಉತ್ತರ ಇಲ್ಲಿದೆ. ನೀವು ಹೆಸರನ್ನು ದೂರಿನಲ್ಲೇ ಬರೆದಿದ್ದರೆ ಅದು ಎಫ್.ಐ.ಆರ್.ನ ಭಾಗವಾಗಿರುತ್ತಿತ್ತು. 2016ರ ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದಂತೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್.ಐ.ಆರ್.ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಏರಿಸಬೇಕು. ಸಂಪರ್ಕದ ತೊಂದರೆಯಿದ್ದಲ್ಲಿ ಇದು 72 ಗಂಟೆಯವರೆಗೂ ಹೋಗಬಹುದು. ಅಂದರೆ ಊರಿನ ಯಾರು ಬೇಕಾದರೂ ಮೊಬೈಲಿನಲ್ಲಿ ಅದನ್ನು ಓದಬಹುದಿತ್ತು. 161 ಹೇಳಿಕೆಯಲ್ಲಿ ಬಂದಿದ್ದರೆ, ದೋಷಾರೋಪಣಾ ಪಟ್ಟಿ ಸಲ್ಲಿಸಿದ ಮೇಲೆ ಪ್ರತಿಗಳು ಆರೋಪಿಯ ಕೈಗೆ ಹೋಗುತ್ತವೆ, ಆಗ ತಿಳಿಯುತ್ತದೆ. ಬರಿಯ ಬಾಯಿಮಾತಿನಲ್ಲಿ ಹೇಳಿದ್ದು, ತನಿಖೆಯ ಒಂದು ದಿಕ್ಕಾಗಿ ಕೇಸ್ ಡೈರಿಯಲ್ಲಿ ಬರಬಹುದು. 'ಬಾತ್ಮೀದಾರರಿಂದ ಬಂದ ಮಾಹಿತಿ ಮೇರೆಗೆ' ಎಂಬ ಸಾಲಿನ ಹಿಂದೆ ಹೆಸರು ಮರೆಯಾಗಿರುತ್ತದೆ. ಅಪರಾಧದ ಮಾಹಿತಿ ಎಲ್ಲಿಂದ ಬಂತೆಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ಬಲವಂತಪಡಿಸುವಂತಿಲ್ಲ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 131ನೇ ಕಲಂ ರಕ್ಷಣೆ ಕೊಟ್ಟಿದೆ. ಮಾಹಿತಿ ಹಕ್ಕು ಕಾಯಿದೆಯ 8ನೇ ಕಲಂ ಕೂಡ ಮಾಹಿತಿದಾರರ ಗುರುತು ಬಯಲಾಗುವ ಅಥವಾ ತನಿಖೆಗೆ ಅಡ್ಡಿಯಾಗುವ ವಿವರಗಳಿಗೆ ವಿನಾಯಿತಿ ನೀಡಿದೆ. ಕಾನೂನು ಇಷ್ಟು ಕಾಪಾಡುತ್ತದೆ. ಊರಿನ ಅರಳಿಕಟ್ಟೆಯ ಮೇಲೆ ನೀವೇ ಹೇಳಿಕೊಂಡು ತಿರುಗಿದ್ದರೆ ಅದನ್ನು ಯಾವ ಕಲಮೂ ಕಾಪಾಡದು.

ಆದರೆ ಅನುಮಾನವನ್ನು ಹೇಳುವ ಕ್ರಮವೂ ಒಂದಿದೆ. 'ಅವನೇ ಕದ್ದಿದ್ದಾನೆ' ಎನ್ನುವುದು ಬೇರೆ, 'ಕಳವಿನ ಹಿಂದಿನ ದಿನ ಮಧ್ಯಾಹ್ನ ಅವರು ನಮ್ಮ ಮೋಟರ್ ಮನೆಯ ಹತ್ತಿರ ನಿಂತು ಮೋಟರ್ ರಿಪೇರಿ ಆಯಿತೇ ಎಂದು ಕೇಳಿದರು' ಎನ್ನುವುದು ಬೇರೆ. ಎರಡನೆಯದು ಪೊಲೀಸರಿಗೆ ಕೆಲಸಕ್ಕೆ ಬರುವ ಮಾಹಿತಿ, ನಾಳೆ ತಪ್ಪಾದರೂ ನಿಮ್ಮ ಮೇಲೆ ಬರುವುದಿಲ್ಲ. ಸುಳ್ಳೆಂದು ತಿಳಿದೂ ಒಬ್ಬರ ಮೇಲೆ ಮಾಹಿತಿ ಕೊಡುವುದು ಶಿಕ್ಷಾರ್ಹ ಅಪರಾಧ. ಬದು, ಕಾಲುವೆ ನೀರಿನ ಜಗಳ ಎಂಬ ಹಳೆಯ ಬೆಂಕಿ ಇರುವ ಕಡೆ ಕಳವಿನ ದೂರಿನಲ್ಲಿ ಮೊದಲು ಬರುವ ಹೆಸರು ಬದುವಿನ ಆಚೆಯವರದ್ದೇ ಎಂಬುದು ನಮಗೆಲ್ಲ ಗೊತ್ತಿರುವ ವಿಚಾರ. ಅನುಭವಿ ಅಧಿಕಾರಿ ಹೆಸರು ಕೇಳಿದ ಕೂಡಲೇ ಹಳೆಯ ಅರ್ಜಿಗಳ ಕಡತ ತೆಗೆಸಿ ನೋಡುತ್ತಾನೆ.

ಹಳೆಯ ದಾಖಲೆಗಳ ಬಲ ಗೊತ್ತಾಗುವುದು ಇಂಥ ಪ್ರಕರಣಗಳಲ್ಲೇ. ಠಾಣೆಗಳಲ್ಲಿ ಎಂ.ಓ.ಬಿ. ಎಂಬ ಪದ್ಧತಿ ಇದೆ: ಒಬ್ಬೊಬ್ಬ ಹಳೆಯ ಕಳ್ಳನೂ ಕೃತ್ಯ ನಡೆಸುವ ರೀತಿಯನ್ನು ಬರೆದಿಡುವುದು. ಒಬ್ಬ ಬೀಗವನ್ನು ಕಬ್ಬಿಣದ ಸಲಾಕೆಯಿಂದ ಮೀಟುತ್ತಾನೆ, ಇನ್ನೊಬ್ಬ ಚಿಲಕದ ಕೊಂಡಿಯನ್ನೇ ಗರಗಸದಿಂದ ಕೊಯ್ಯುತ್ತಾನೆ. ಕೈ ಪಳಗಿದ ರೀತಿಯನ್ನು ಕಳ್ಳ ಸುಲಭಕ್ಕೆ ಬಿಡುವುದಿಲ್ಲ. ಈಗ ಇದೆಲ್ಲ ಕರ್ನಾಟಕದ ಪೊಲೀಸ್ ಐ.ಟಿ. ವ್ಯವಸ್ಥೆಯಲ್ಲೂ, ದೇಶದ ಠಾಣೆಗಳನ್ನು ಬೆಸೆಯಲು 2009ರಲ್ಲಿ ಮಂಜೂರಾದ ಸಿ.ಸಿ.ಟಿ.ಎನ್.ಎಸ್. ಕಂಪ್ಯೂಟರ್ ಜಾಲದಲ್ಲೂ ಸಿಗುವುದರಿಂದ, ರಾಮನಗರದ ಕಡೆ ಹಿಡಿದವನ ಹಿನ್ನೆಲೆಯನ್ನು ಮದ್ದೂರಿನಲ್ಲಿ ಕುಳಿತು ನೋಡಬಹುದು. ಆದರೆ ಯಂತ್ರಕ್ಕೆ ಹಾಕಿದ್ದಷ್ಟೇ ಯಂತ್ರ ಕೊಡುತ್ತದೆ. ಕಳವಾದ ವಸ್ತುವಿನ ಅಂಕಣದಲ್ಲಿ 'ಒಂದು ಮೋಟರ್' ಎಂದಷ್ಟೇ ಬರೆದಿದ್ದರೆ, ಪಕ್ಕದ ಜಿಲ್ಲೆಯಲ್ಲಿ ಹದಿನೇಳು ಮೋಟರ್ ಜಪ್ತಿಯಾದರೂ ಅದರಲ್ಲಿ ನಿಮ್ಮದು ಯಾವುದೆಂದು ಯಾರು ಹೇಳಬೇಕು?

ಬೆರಳಚ್ಚು, ಮೊಬೈಲ್ ಟವರ್, ಸಿ.ಸಿ. ಟಿ.ವಿ. ಬಗ್ಗೆ ನೀವು ಕೇಳಿಲ್ಲ, ನಾನೂ ಲಂಬಿಸುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ: ದಾರಿಯ ಅಂಗಡಿಗಳ ಕ್ಯಾಮೆರಾ ಪೆಟ್ಟಿಗೆಯಲ್ಲಿ ಜಾಗ ತುಂಬಿದಂತೆ ಹಳೆಯದರ ಮೇಲೆ ಹೊಸದು ಕೂರುತ್ತದೆ. ಒಂದು ತಿಂಗಳಾದ ಮೇಲೆ ಅಲ್ಲಿ ಏನೂ ಉಳಿದಿರದೆ ಇರಬಹುದು, ಉಳಿದಿದ್ದರೆ ಇವತ್ತೇ ತನಿಖಾಧಿಕಾರಿಯ ಗಮನಕ್ಕೆ ತನ್ನಿ.

ತನಿಖೆಯ ಪ್ರಗತಿಯನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕೆಂದು 193ನೇ ಕಲಂ ಹೇಳುತ್ತದೆ. ಫೋನಿನ ಸಂದೇಶದಲ್ಲಿ ತಿಳಿಸಿದರೂ ಸಾಕು. ಕಳ್ಳ ಪತ್ತೆಯಾಗದಿದ್ದರೆ 'ಸಿ' ರಿಪೋರ್ಟ್, ದೂರೇ ಸುಳ್ಳೆಂದೋ ತಪ್ಪು ತಿಳಿವಳಿಕೆಯದೆಂದೋ ಕಂಡರೆ 'ಬಿ' ರಿಪೋರ್ಟ್ ನ್ಯಾಯಾಲಯಕ್ಕೆ ಹೋಗುತ್ತದೆ. 'ಬಿ' ರಿಪೋರ್ಟಿನ ನೋಟಿಸ್ ಬಂದರೆ ಸುಮ್ಮನಿರಬೇಡಿ, ಅದಕ್ಕೆ ತಕರಾರು ಸಲ್ಲಿಸುವ ಅವಕಾಶ ನಿಮಗಿದೆ.

ಇನ್ನು ಮಾಡಬೇಕಾದ ಒಂದು ಕೆಲಸ ಉಳಿದಿದೆ. ರೀವೈಂಡಿಂಗ್ ಮಾಡಿದ ಅಂಗಡಿಗೆ ಹೋಗಿ. ಬಿಲ್ಲು ಇದ್ದರೆ ಪ್ರತಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಅವರ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಬರೆದಿರುವ ಮೋಟರಿನ ಕಂಪನಿ, ಸೀರಿಯಲ್ ನಂಬರ್ ನೋಡಿ. ಬಹಳಷ್ಟು ಮೆಕ್ಯಾನಿಕ್‌ಗಳು ತಾವು ಸುತ್ತಿದ ಮೋಟರಿನ ಮುಚ್ಚಳದ ಒಳಗೆ ಪೇಂಟಿನಲ್ಲೋ ಉಳಿಯಿಂದಲೋ ಒಂದು ಗುರುತು ಹಾಕಿರುತ್ತಾರೆ. ಹೊರಗಿನ ನಂಬರ್ ತಗಡನ್ನು ಕಳ್ಳ ಕಿತ್ತೆಸೆದಿರುತ್ತಾನೆ, ಒಳಗಿನ ಗುರುತು ಅವನಿಗೆ ಗೊತ್ತಿರುವುದಿಲ್ಲ. ಆ ವಿವರಗಳೊಂದಿಗೆ ಠಾಣೆಗೆ ಹೋಗಿ, ನಿಮ್ಮ ಮೊ.ನಂ. ಹೇಳಿ, ಅವುಗಳನ್ನು ಸೇರಿಸಿ ಮರು ಹೇಳಿಕೆ ಬರೆದುಕೊಳ್ಳುವಂತೆಯೂ ಮೆಕ್ಯಾನಿಕ್ಕನ್ನು ಸಾಕ್ಷಿಯಾಗಿ ವಿಚಾರಿಸುವಂತೆಯೂ ತನಿಖಾಧಿಕಾರಿಯನ್ನು ಕೇಳಿ. ಅದಕ್ಕೂ ನಿಮ್ಮ ಸಹಿ ಕೇಳುವುದಿಲ್ಲ.